ಹೊಸ್ತಿಲಾಚೆ ನಿಂತ ವ್ಯಾಂಪೈರ್

ಭಾನುವಾರ ಮಾಟುಂಗಾದಲ್ಲಿ ಗೆಳತಿಯ ಮನೆ ಸೇರಿ ನಾವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಕಟ್ಟುವ ಆಟ ಅದು. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನು. ಡೊಂಬಿವಲಿಯಿಂದ ಬರುವ ಹುಡುಗ ಒಂದು ದಿನ ಕೇಳಿದ, "ಅಕ್ಕಾ, ಈ ಸಲ ನಾನು ರಕ್ತ ಹೀರೋ ವ್ಯಾಂಪೈರ್ ಆಗ್ಲಾ?" ಅವನ ಆಸೆ ನೋಡಿ ಬೇಡ ಅನ್ನಲು ಮನಸ್ಸಾಗಲಿಲ್ಲ.

ಮೊದಲು ತಪ್ಪು ಮಾಡಿದೆ. 2014ರ ನಿಯಮಪುಸ್ತಕದ ವ್ಯಾಂಪೈರ್ ರಾಕ್ಷಸನ ಗುಣಗಳನ್ನೆಲ್ಲ ಇನ್ನೂ ಎಳೆಯದಾದ ಮೂರನೇ ಲೆವೆಲ್‌ನ ಪಾತ್ರಕ್ಕೆ ಹಾಗೇ ಕೊಟ್ಟೆ. ಅದಕ್ಕೆ ಪ್ರತಿ ಸರದಿಗೆ 20 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ವಾಪಸ್ ಬರುತ್ತದೆ. ಕಾದಾಡುವುದೇ ಕೆಲಸವಾದ ನಮ್ಮ ಫೈಟರ್‌ಗೆ ಇದ್ದದ್ದೇ 28! ರಾತ್ರಿಯ ಜಗಳದಲ್ಲಿ ಉಳಿದವರು ಸುಮ್ನೆ ಕೂತರು. ಬೆಳಗಾದರೆ ಉಲ್ಟಾ. ಬಿಸಿಲಲ್ಲಿ ಸರದಿಗೆ 20 ಪಾಯಿಂಟ್ ಪೆಟ್ಟು, ಎರಡೇ ಸರದಿಗೆ ಹುಡುಗ ಖಲಾಸ್.

ಈ ತೊಂದರೆ ಹಳೆಯದು. 1970ರ ದಶಕದ ಶುರುವಿನಲ್ಲಿ ಈ ಆಟ ಕಟ್ಟಿದವರಲ್ಲಿ ಒಬ್ಬನಾದ ಡೇವ್ ಆರ್ನೆಸನ್ ನಡೆಸಿದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ವ್ಯಾಂಪೈರ್ ಒಬ್ಬ ಆಟಗಾರನ ಪಾತ್ರವಾಗಿದ್ದ. ಅವನನ್ನು ಎದುರಿಸಲೆಂದೇ ಕ್ಲೆರಿಕ್ ಎಂಬ ಪುರೋಹಿತ ಪಾತ್ರ ಹುಟ್ಟಿದ್ದು. ನಾನು ಬೇರೆ ದಾರಿ ಹಿಡಿದೆ. ಬಲ ಕಡಿಮೆ ಮಾಡಿದೆ, ದೌರ್ಬಲ್ಯ ಉಳಿಸಿಕೊಂಡೆ.

2021ರಲ್ಲಿ ಬಂದ ಡ್ಯಾಂಪೈರ್ ಎಂಬ ಅರೆ ವ್ಯಾಂಪೈರ್ ತಳಿಯನ್ನು ಬುನಾದಿ ಮಾಡಿಕೊಂಡೆ. ಅದರ ಕಡಿತದ ಪೆಟ್ಟಿಗೆ ನಾಲ್ಕು ಮುಖದ ಒಂದೇ ದಾಳ. ಗೋಡೆ ಹತ್ತುತ್ತದೆ, ಕತ್ತಲಲ್ಲಿ ಕಾಣುತ್ತದೆ. ಅಷ್ಟು ಸಾಕು. ಬಿಸಿಲಿನ ಪೆಟ್ಟು ತೆಗೆದು, ಹಗಲಲ್ಲಿ ಹೊಡೆಯುವಾಗ ಎರಡು ದಾಳ ಎಸೆದು ಚಿಕ್ಕದನ್ನೇ ಎಣಿಸಬೇಕು ಎಂದೆ.

ರಕ್ತದ ಬಾಯಾರಿಕೆಯ ಲೆಕ್ಕ ನಾನೇ ಸೇರಿಸಿದ್ದು. ದಿನಾ ಬೆಳಗ್ಗೆ ಒಂದು ಅಂಕ ಏರುತ್ತದೆ. ಐದಾದರೆ ಗಾಯಗೊಂಡವರ ಹತ್ತಿರ ನಿಂತಾಗ ಮನಸ್ಸು ತಡೆಯಲು ದಾಳ ಎಸೆಯಲೇಬೇಕು. ಜೊತೆಗಾರರು ತಾವಾಗಿ ರಕ್ತ ಕೊಡಬಹುದು, ಆದರೆ ಗಾಯ ವಾಸಿಮಾಡಿಕೊಳ್ಳಲು ಇರುವ ತಮ್ಮ ಒಂದು ಹಿಟ್ ಡೈಸ್ ಕಳೆದುಕೊಳ್ಳುತ್ತಾರೆ. ಇದನ್ನೆಲ್ಲ ತರುವ ಮೊದಲು ಎಲ್ಲರನ್ನೂ ಕೇಳಿದೆ. ಮಕ್ಕಳನ್ನು ಕಚ್ಚುವ ದೃಶ್ಯ ಬೇಡ ಎಂದು ಒಬ್ಬಳು ಹೇಳಿದಳು, ಬಿಟ್ಟೆವು. ಫೈಟರ್ ಆಡುವವಳು ಮೊದಲ ಸಲ ಕೈ ಚಾಚುವ ಮುಂಚೆ ತುಂಬಾ ಹೊತ್ತು ಯೋಚಿಸಿದಳು. ಆವತ್ತು ಮೇಜಿನ ಸುತ್ತ ಯಾರೂ ಮೊಬೈಲ್ ಮುಟ್ಟಲಿಲ್ಲ.

ಕರೆಯದೆ ವ್ಯಾಂಪೈರ್ ಮನೆಯೊಳಗೆ ಹೋಗುವಂತಿಲ್ಲ ಎಂಬ ನಿಯಮ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಹಳ್ಳಿಯ ಮನೆಯೊಂದರ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಸಿದ್ದೆ. ಒಳಗೆ ಫೈಟರ್ ಗಾಯಗೊಂಡು ಮಲಗಿದ್ದಳು. ಹುಡುಗ ಕೇಳಿದ, "ಅಕ್ಕಾ, ಬಾ ಅಂತಿದೆ. ಕರೆದ ಹಾಗೇ ಅಲ್ವಾ?" ಹೌದು, ಆದರೆ ನಾಳೆಗೆ ಎಂದೆ. ಮರುದಿನ ರಾತ್ರಿಯೂ ಬಾಗಿಲಲ್ಲಿ ಅದೇ ಬರಹ. ಕ್ಲೆರಿಕ್ ಒಳಗಿನಿಂದ ಕರೆದರೂ ಆಗಲಿಲ್ಲ, ಮನೆಯವರೇ ಕರೆಯಬೇಕು. ಮುಕ್ಕಾಲು ಗಂಟೆ ಎಲ್ಲರೂ ಸೇರಿ ಆ ಮನೆಯ ಅಜ್ಜಿಯನ್ನು ಒಪ್ಪಿಸಿದರು. ಕೊನೆಗೆ ಅಜ್ಜಿಯ ದನಿಯಲ್ಲಿ ನಾನು ಹೇಳಿದೆ, "ಕಾಲು ತೊಳ್ಕೊಂಡು ಒಳಗೆ ಬಾ ಮಗಾ."