ಎಂಫಿಸೀಮಾಗೆ ವಾಲ್ವ್: ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಗಾಳಿಚೀಲಗಳು ನಾಶವಾಗುವ ಎಂಫಿಸೀಮಾ ಕಾಯಿಲೆಯಲ್ಲಿ ಒಳಹೋದ ಗಾಳಿ ಸರಿಯಾಗಿ ಹೊರಬರದೆ ಶ್ವಾಸಕೋಶ ಉಬ್ಬುತ್ತದೆ. ಹಾಳಾದ ಭಾಗವೇ ಜಾಗ ಆಕ್ರಮಿಸಿ ಚೆನ್ನಾಗಿರುವ ಭಾಗವನ್ನು ಅದುಮುತ್ತದೆ. ತೀರಾ ಹಾಳಾದ ಹಾಲೆಯ (ಶ್ವಾಸಕೋಶದ ದೊಡ್ಡ ವಿಭಾಗದ) ಶ್ವಾಸನಾಳಗಳಿಗೆ ಒಮ್ಮುಖ ವಾಲ್ವ್ ಕೂರಿಸಿದರೆ ಗಾಳಿ, ಕಫ ಹೊರಬರುತ್ತವೆ. ಹೊಸ ಗಾಳಿ ಒಳಹೋಗದು. ಹಾಲೆ ಕುಗ್ಗಿ ಉಳಿದದ್ದಕ್ಕೆ ಜಾಗವಾಗುತ್ತದೆ. ಎದೆ ಕೊಯ್ಯುವ ಪ್ರಶ್ನೆಯಿಲ್ಲ.

1. ಧೂಮಪಾನ ಪೂರ್ತಿ ಬಿಡಿ. ಕಡಿಮೆ ಮಾಡಿದ್ದು ಲೆಕ್ಕಕ್ಕಿಲ್ಲ. ಇನ್ಹೇಲರ್ ಬಳಸುತ್ತಿರಿ, ಉಸಿರಾಟದ ವ್ಯಾಯಾಮ ತರಬೇತಿ ಮೊದಲು ಮುಗಿಯಲಿ. ‘ಶ್ವಾಸಕೋಶ ಶುದ್ಧಿ’ ಸಿರಪ್‌ಗಳಿಗೆ ದುಡ್ಡು ಸುರಿಯಬೇಡಿ; ನಾಶವಾದ ಗಾಳಿಚೀಲ ಅವುಗಳಿಂದ ಮರಳದು.

2. ಊದಿಸಿ ಉಸಿರು ಅಳೆಯುವ ಸ್ಪೈರೋಮೆಟ್ರಿಯೊಂದೇ ಸಾಲದು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಮಾಡುವ ಪ್ಲೆಥಿಸ್ಮೋಗ್ರಫಿಯೂ ಬೇಕು. ಉಸಿರು ಪೂರ್ತಿ ಬಿಟ್ಟ ಮೇಲೂ ಒಳಗುಳಿಯುವ ಗಾಳಿ ಸಾಮಾನ್ಯವಾಗಿ ನಿರೀಕ್ಷಿತ ಮಟ್ಟದ 175% ದಾಟಿರಬೇಕು. ಜೊತೆಗೆ 6 ನಿಮಿಷದ ನಡಿಗೆ, ರಕ್ತದ ಅನಿಲ ಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್.

3. ಎಡವುವುದು ಇಲ್ಲೇ. ಹಾಲೆಗಳ ನಡುವಿನ ಸೀಳು ಪೂರ್ಣವಾಗಿರದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಸುಳುತ್ತದೆ. ಆಗ ವಾಲ್ವ್ ಎಷ್ಟೇ ಚೆನ್ನಾಗಿ ಕೂತರೂ ಹಾಲೆ ಕುಗ್ಗದು. ಹಳೆಯ ದಪ್ಪ ಸ್ಲೈಸ್‌ನ ಸಿಟಿ ಫಿಲ್ಮ್ ನೋಡಿ ನಿರ್ಧರಿಸುವುದು ತಪ್ಪು. ತೆಳು ಸ್ಲೈಸ್ ಸ್ಕ್ಯಾನನ್ನು ಸಾಫ್ಟ್‌ವೇರ್‌ನಲ್ಲಿ ಅಳೆಯಬೇಕು. ಸೀಳಿನ ಪೂರ್ಣತೆ 95% ದಾಟಿದ್ದರೆ ಒಳ್ಳೆಯದು, 80ಕ್ಕಿಂತ ಕಡಿಮೆಯಿದ್ದರೆ ಬೇಡ. ನಡುವಿನವರಿಗೆ ಚಾರ್ಟಿಸ್ ಪರೀಕ್ಷೆ ಆಗಲೇಬೇಕು: ಬಲೂನಿನಿಂದ ಆ ಹಾಲೆಯ ನಾಳ ಮುಚ್ಚಿದಾಗ ಹೊರಬರುವ ಗಾಳಿ ಕ್ರಮೇಣ ಇಳಿದು ನಿಂತರೆ ಸೋರಿಕೆಯಿಲ್ಲ. ಹರಿಯುತ್ತಲೇ ಇದ್ದರೆ ಅಲ್ಲಿಗೆ ಕೈಬಿಡಿ.

4. ಶ್ವಾಸನಾಳದೊಳಗೆ ಇಳಿಸುವ ಕ್ಯಾಮೆರಾ ನಳಿಕೆಯಾದ ಬ್ರಾಂಕೋಸ್ಕೋಪ್ ಮೂಲಕ ಸಾಮಾನ್ಯವಾಗಿ 3ರಿಂದ 5 ವಾಲ್ವ್ ಕೂರಿಸುತ್ತಾರೆ. ಆ ಹಾಲೆಯ ಒಂದು ಕವಲು ತೆರೆದಿದ್ದರೂ ಕೆಲಸ ವ್ಯರ್ಥ. ‘ಒಂದೆರಡು ಹಾಕಿ ನೋಡೋಣ’ ಎಂದರೆ ಒಪ್ಪಬೇಡಿ.

5. ಕನಿಷ್ಠ 3 ರಾತ್ರಿ ಆಸ್ಪತ್ರೆಯಲ್ಲೇ ಇರಿ. ಹಾಲೆ ಬೇಗ ಕುಗ್ಗಿದಾಗ ಪಕ್ಕದ್ದು ಥಟ್ಟನೆ ಹಿಗ್ಗಿ ಹರಿದುಹೋಗಬಹುದು. ಎದೆಗೂಡಿಗೆ ಗಾಳಿ ಸೋರುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಹೆಚ್ಚಿನವು ಮೊದಲ 3 ದಿನಗಳಲ್ಲಿ. ಎಕ್ಸ್‌ರೇ ತಪ್ಪಿಸಬೇಡಿ. ಮನೆಗೆ ಹೋದ ಮೇಲೂ ಥಟ್ಟನೆ ಎದೆನೋವು, ಏದುಸಿರು ಬಂದರೆ ಇನ್ಹೇಲರ್ ಎಳೆಯುತ್ತ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ. ವಾಲ್ವ್ ಇದೆಯೆಂದು ಬರೆದ ಚೀಟಿ ಜೇಬಿನಲ್ಲಿರಲಿ. ಎದೆಗೆ ನಳಿಕೆ ಹಾಕಬೇಕಾಗಬಹುದು.

6. ಸುಮಾರು 45 ದಿನಕ್ಕೆ ಮತ್ತೆ ಸಿಟಿ. ಹಾಲೆ ಕುಗ್ಗಿರದಿದ್ದರೆ ವಾಲ್ವ್ ಜರುಗಿರಬಹುದು, ಅಳತೆ ಹೊಂದಿರಲಿಕ್ಕಿಲ್ಲ. ಬ್ರಾಂಕೋಸ್ಕೋಪ್‌ನಲ್ಲೇ ಬದಲಿಸಬಹುದು, ತೆಗೆಯಲೂಬಹುದು. ಇನ್ಹೇಲರ್ ಮಾತ್ರ ಮೊದಲಿನಂತೆಯೇ ಮುಂದುವರಿಯಬೇಕು.