ಮುನಿರಾಬಾದಿನಿಂದ ಗಂಗಾಮೂಲಕ್ಕೆ ಸೈಕಲ್ ಪ್ರಯಾಣ

ಎಡದಂಡೆ ಕಾಲುವೆಯಲ್ಲಿ ಕೊಪ್ಪಳ, ರಾಯಚೂರಿನ ಗದ್ದೆಗಳಿಗೆ ಹರಿದು ಬರುವ ತುಂಗಭದ್ರೆಯ ಮೂಲವಿರುವುದು ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತದ ಗಂಗಾಮೂಲದಲ್ಲಿ. ಮುನಿರಾಬಾದಿನಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಹೊರಡುವವರು ಮೊದಲು ಏರಿನ ಲೆಕ್ಕವನ್ನು ತಿಳಿದಿರಬೇಕು. ಮುನಿರಾಬಾದಿನ ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ, ಅಂದರೆ ಸುಮಾರು 498 ಮೀಟರ್; ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ನಡುವೆ ದಿಣ್ಣೆಗಳಿದ್ದರೂ ನಿಜವಾದ ಏರು ಶೃಂಗೇರಿ ದಾಟಿದ ಮೇಲೆಯೇ ಎದುರಾಗುವುದರಿಂದ, ಮೊದಲ ದಿನಗಳ ಹುಮ್ಮಸ್ಸಿನಲ್ಲಿ ಕಾಲಿನ ಕಸುವನ್ನು ಕಳೆದುಕೊಳ್ಳಬಾರದು.

ಹೊರಡಲು ನವೆಂಬರ್ ತಿಂಗಳು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಎದೆಗೇ ಬಡಿಯುತ್ತದೆ, ಮಲೆನಾಡಿನಲ್ಲಿ ಇಂಬಳಗಳ ಕಾಟವೂ ಇರುತ್ತದೆ. ಡಿಸೆಂಬರ್ ಕಳೆದ ಮೇಲೆ ಉಣುಗುಗಳಿಂದ ಹರಡುವ ಮಂಗನಕಾಯಿಲೆಯ ಭಯ ಹೆಚ್ಚುತ್ತದೆ.

ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ದಾರಿಯಲ್ಲಿ ಹರಿಹರ ತಲುಪಿ, ಹೊನ್ನಾಳಿಯ ಮೂಲಕ ಶಿವಮೊಗ್ಗಕ್ಕೆ ಹೋಗಬೇಕು. ನಮ್ಮ ಸೀಮೆಯಲ್ಲಿ ದೊಡ್ಡ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ರಸ್ತೆಯ ಅಂಚು ಬಿಟ್ಟು ಮಣ್ಣಿಗೆ ಇಳಿದರೆ ಪಂಕ್ಚರ್ ಖಚಿತವೆಂದೇ ತಿಳಿದು, ಎರಡು ಹೆಚ್ಚುವರಿ ಟ್ಯೂಬ್, ಪ್ಯಾಚ್, ಸೊಲ್ಯೂಷನ್ ಮತ್ತು ಕೈಪಂಪನ್ನು ಜೊತೆಗಿಟ್ಟುಕೊಳ್ಳಬೇಕು. ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈಯನ್ನು ಬೆರಳಿನಿಂದ ತಡವಿ, ಮುರಿದುಳಿದ ಮುಳ್ಳನ್ನು ಕೀಳದಿದ್ದರೆ ಆ ಟ್ಯೂಬೂ ಉಳಿಯುವುದಿಲ್ಲ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಸಾಕು, ಕೆಡುವುದಿಲ್ಲ.

ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಎರಡೂ ಹುಟ್ಟುವುದು ಒಂದೇ ಬೆಟ್ಟದಲ್ಲಾದ್ದರಿಂದ ಯಾವುದರ ಜಾಡನ್ನಾದರೂ ಹಿಡಿಯಬಹುದಾದರೂ, ಊರು ಮತ್ತು ವಸತಿ ಸಿಗುವ ತುಂಗೆಯ ದಾರಿಯೇ, ಅಂದರೆ ತೀರ್ಥಹಳ್ಳಿ, ಶೃಂಗೇರಿಯ ದಾರಿಯೇ, ನನಗೆ ಮೇಲೆನಿಸುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ನಂಬಿ ಹೊಳೆಯ ನೀರನ್ನು ಹಾಗೆಯೇ ಕುಡಿಯುವ ಕಾಲ ಇದಲ್ಲ. ಕಾಯಿಸಿದ ನೀರನ್ನೇ ತುಂಬಿಸಿಕೊಳ್ಳಬೇಕು.

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಸಾಗುವ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸುತ್ತದೆ. ಗಂಗಾಮೂಲವಿರುವುದು ಈ ಕಾಡಿನೊಳಗೆ. ನೇತ್ರಾವತಿಯೂ ಇಲ್ಲಿಯೇ ಹುಟ್ಟಿ ಪಡುವಣ ಕಡಲಿಗೆ ಇಳಿಯುತ್ತಾಳೆ. ಮೂಲದವರೆಗೆ ನಡೆದುಹೋಗಲು ಅರಣ್ಯ ಇಲಾಖೆಯ ಅನುಮತಿಯನ್ನು ಊರು ಬಿಡುವ ಮುನ್ನವೇ ಕೇಳಿಕೊಳ್ಳಬೇಕು. ಅದು ಸಿಗದಿದ್ದರೆ ರಸ್ತೆಯಿಂದಲೇ ಬೆಟ್ಟವನ್ನು ನೋಡಿ ಹಿಂದಿರುಗಬೇಕೇ ಹೊರತು ಕಾಲುದಾರಿ ಹುಡುಕಬಾರದು. ಬೆಳಗಿನಲ್ಲೇ ಹೊರಟು, ಕತ್ತಲಾಗುವ ಮೊದಲೇ ಕಾಡಿನಿಂದ ಹೊರಬರಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಬೇಕು, ಸವೆದ ಬ್ರೇಕ್ ರಬ್ಬರುಗಳನ್ನು ಶೃಂಗೇರಿಯಲ್ಲಿಯೇ ಬದಲಿಸಿಕೊಂಡಿರಬೇಕು.