ಮುಳುಗಿದರೂ ಮಗುಚದ ದೋಣಿ: ಫೋಮ್ ತುಂಬಿದ ನನ್ನ ಅನುಭವ

ಕೋಡಿಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಅಳಿವೆಯನ್ನು ದಾಟಿ ಬಲೆ ಬಿಡಲು ಹೋಗುವ ನನ್ನದು 18 ಅಡಿಯ ಫೈಬರ್ ದೋಣಿ. ಮರದ ದೋಣಿ ನೀರು ತುಂಬಿದರೂ ತೇಲಬಹುದು. ಫೈಬರ್ ದೋಣಿ ಎಂಜಿನ್ ಸಮೇತ ತಳ ಸೇರುತ್ತದೆ. ಕಳೆದ ಮಳೆಗಾಲದಲ್ಲಿ ಒಂದೇ ತೆರೆ ಮೊಣಕಾಲುದ್ದ ನೀರು ತುಂಬಿಸಿ ಹೋದ ಮೇಲೆ, ಏಪ್ರಿಲ್‌ನಲ್ಲಿ ದೋಣಿಯನ್ನು ದಡಕ್ಕೆಳೆದು, ನೀರು ತುಂಬಿದರೂ ತೇಲುವಂತೆ ಅದಕ್ಕೆ ಹಗುರವಾದ ಫೋಮ್ ತುಂಬುವ ಕೆಲಸಕ್ಕೆ ತೊಡಗಿದೆ.

ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹಾಗಾಗಿ 240 ಕಿಲೋ ತೂಗುವ ದೋಣಿ ಮುಳುಗಿದಾಗ 160 ಕಿಲೋವನ್ನು ನೀರೇ ಹೊರುತ್ತದೆ, ಫೋಮ್ ಹೊರಬೇಕಾದದ್ದು 80 ಕಿಲೋ ಮಾತ್ರ. ಎಂಜಿನ್ ಮತ್ತು ಲಂಗರಿಗೆ 40, ಅರ್ಧ ನೀರಿನಲ್ಲಿ ಕುಳಿತ ಇಬ್ಬರಿಗೆ 100 ಸೇರಿಸಿದರೆ 220. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕಿಲೋ ಎತ್ತುವುದರಿಂದ, ಕೈಯಳತೆಯ ತಪ್ಪಿಗೂ ಅವಕಾಶವಿಟ್ಟು 260 ಲೀಟರ್ ಎಂದು ನಿಶ್ಚಯಿಸಿದೆ.

ಅಗ್ಗವೆಂದು ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಜೋಡಿಸಿ, ಫೈಬರ್ ಕೆಲಸಕ್ಕೆ ಬಳಸುವ ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್ ಬಳಿದದ್ದು ನನ್ನ ಮೊದಲ ಪೆದ್ದುತನ. ರೆಸಿನ್‌ನಲ್ಲಿದ್ದ ಸ್ಟೈರೀನ್ ಎಂಬ ರಾಸಾಯನಿಕ ಥರ್ಮಾಕೋಲನ್ನು ಕಣ್ಣೆದುರೇ ಬೆಲ್ಲದ ಪಾಕದಂತೆ ಕರಗಿಸಿತು. ಪೆಟ್ರೋಲ್ ಸೋಕಿದರೂ ಅದರ ಗತಿ ಇದೇ. ಬಳಿಕ ಎರಡು ದ್ರವಗಳನ್ನು ಸಮಪಾಲಿನಲ್ಲಿ ಕಲಸಿ ಸುರಿಯುವ ಪಾಲಿಯುರೆಥೇನ್ ಫೋಮ್ ತಂದೆ. ನಮ್ಮ ಸೆಕೆಗೆ ಅದು ಬಕೆಟ್ಟಿನಲ್ಲೇ ಉಕ್ಕತೊಡಗುತ್ತದೆ. ಆದ್ದರಿಂದ ಕೈಗವಸು, ಮಾಸ್ಕ್ ಧರಿಸಿ ಬೆಳಗಿನ ಹೊತ್ತಿನಲ್ಲಿ ಮಾತ್ರ, ಒಂದೊಂದೇ ಲೀಟರ್ ಕಲಸಿ ಸುರಿದೆ. ಅವಸರದಿಂದ ಹೆಚ್ಚು ಸುರಿದ ಒಂದು ದಿನ, ಗಾಳಿ ಹೋಗಲು ಬಿಟ್ಟ ತೂತು ಸಾಲದೆ, ಫೋಮ್ ಸುರಿಯಲೆಂದು ದೋಣಿಯೊಳಗೆ ಕಟ್ಟಿದ್ದ ಪೆಟ್ಟಿಗೆಯ ಪಕ್ಕ ಉಬ್ಬಿ ನಿಂತಿತು.

ಹಲವರು ಫೋಮನ್ನು ಕಾಲಡಿಯ ಹಲಗೆಯ ಕೆಳಗೆ ತುಂಬುತ್ತಾರೆ, ಏಕೆಂದರೆ ಅಲ್ಲಿ ಜಾಗ ಸುಲಭ. ಆದರೆ ನೀರು ತುಂಬಿದ ದೋಣಿಯಲ್ಲಿ ತಳದ ಫೋಮ್ ಮೇಲೇರಲು ನೋಡುತ್ತದೆ, ದೋಣಿ ಬುಡಮೇಲಾಗುತ್ತದೆ. ಅಲ್ಲದೆ ತಳದಲ್ಲಿ ನಿಂತ ನೀರನ್ನು ಫೋಮ್ ವರ್ಷಗಳಲ್ಲಿ ಮೆಲ್ಲನೆ ಹೀರುತ್ತದೆ. ಆದ್ದರಿಂದ ನಾನು ಎರಡೂ ಬದಿಗಳಲ್ಲಿ ಮೇಲಂಚಿನ ಕೆಳಗೆ ಉದ್ದಕ್ಕೂ ಪೆಟ್ಟಿಗೆಗಳನ್ನು ಕಟ್ಟಿ, ಅವುಗಳ ತಳ ನೆಲದಿಂದ ಎತ್ತರದಲ್ಲಿರುವಂತೆ ನೋಡಿಕೊಂಡೆ.

ಎದೆಮಟ್ಟದ ಹೊಳೆನೀರಿನಲ್ಲಿ ಎಂಜಿನ್ನಿಗೆ ಬದಲು ಕಬ್ಬಿಣ ಕಟ್ಟಿ, ತಳದ ಬಿರಡೆ ತೆಗೆದು ಪರೀಕ್ಷಿಸಿದಾಗ ದೋಣಿ ತೇಲಿತು, ಆದರೆ ಹಿಂಭಾಗ ಒಂದು ಗೇಣು ಇಳಿದಿತ್ತು. ಹಿಂದಿನ ಎರಡು ಮೂಲೆಗಳಿಗೆ ತಲಾ 15 ಲೀಟರ್ ಸೇರಿಸಿದ ಮೇಲೆ, ಅಣ್ಣನ ಮಗ ಒಂದು ಅಂಚಿನ ಮೇಲೆ ನಿಂತರೂ ದೋಣಿ ವಾಲಿತೇ ಹೊರತು ಮಗುಚಲಿಲ್ಲ. ಬಲೆ ಎಳೆಯುವಾಗ ಪೆಟ್ಟಿಗೆ ಮೊಣಕಾಲಿಗೆ ತಾಗುತ್ತದೆಂಬ ಅವನ ಗೊಣಗಾಟ ಮಾತ್ರ ಇನ್ನೂ ನಿಂತಿಲ್ಲ.